ಈ ಸಲ ಏನು ಬಿಟ್ಟಿದ್ದೀರಿ?

ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಮ್ಮ 40 ದಿನಗಳ ಉಪವಾಸದ ಕಾಲ, ಶುರುವಾದರೆ ಸಾಕು, ಈ ಪ್ರಶ್ನೆ ಗ್ಯಾರಂಟಿ. ಮಾಂಸ ಬಿಟ್ರಾ? ಸಿಹಿ ಬಿಟ್ರಾ? ಮೊಬೈಲ್ ಬಿಟ್ರಾ? ಬೇರೆ ಧರ್ಮದ ಗೆಳೆಯರೂ ಕೇಳುತ್ತಾರೆ, ಪ್ರತಿ ಭಾನುವಾರ ಚರ್ಚಿನಲ್ಲಿ ಪಕ್ಕದಲ್ಲೇ ಕೂರುವವರೂ ಕೇಳುತ್ತಾರೆ. ನನ್ನ ಉತ್ತರ ಒಂದೇ: ಅಲ್ಲೆಲೂಯ ಬಿಟ್ಟಿದ್ದೇವೆ.

ತಮಾಷೆಗೆ ಹೇಳುತ್ತಿಲ್ಲ. ಕಥೋಲಿಕರ ಪೂಜೆಯಲ್ಲಿ ಶುಭಸಂದೇಶ (ಯೇಸುವಿನ ಬದುಕು, ಮಾತು ಹೇಳುವ ಬೈಬಲ್ ಭಾಗ) ಓದುವ ಮುಂಚೆ ಎಲ್ಲರೂ ಎದ್ದು ನಿಂತು, ‘ದೇವರಿಗೆ ಸ್ತೋತ್ರ’ ಅನ್ನುವ ಅರ್ಥದ ಅಲ್ಲೆಲೂಯ ಹಾಡುತ್ತಾರೆ. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ ರಾತ್ರಿಯವರೆಗೆ ಅದು ಬಂದ್. ಪೀಠಕ್ಕೆ ಹೂವಿಲ್ಲ. ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ನಾಲ್ಕನೆಯ ಭಾನುವಾರ ಸ್ವಲ್ಪ ಸಡಿಲ, ಅಂದು ಗುರುಗಳು ನೇರಳೆಯ ಬದಲು ಗುಲಾಬಿ ಬಣ್ಣದ ಉಡುಪು ಹಾಕಬಹುದು. ಮೊದಲ ಭಾನುವಾರವಂತೂ ಯಾರಾದರೊಬ್ಬರು ಅಭ್ಯಾಸಬಲದಿಂದ ‘ಅಲ್ಲೆ...’ ಅಂತ ಶುರು ಮಾಡಿ ಅಲ್ಲೇ ನುಂಗಿಕೊಳ್ಳುತ್ತಾರೆ. ನನಗೆ ಆ ತೊದಲು ಇಷ್ಟ. ಬಾಯಿಗೆ ಸುಮ್ನೆ ಬರುತ್ತಿದ್ದ ಮಾತು ಇಲ್ಲವಾದಾಗಲೇ ಅದನ್ನು ಇಷ್ಟು ದಿನ ಯೋಚಿಸದೆ ಹಾಡುತ್ತಿದ್ದೆವು ಅಂತ ಗೊತ್ತಾಗುವುದು. ಅದೂ ಒಬ್ಬರಿಗಲ್ಲ, ಇಡೀ ಸಭೆಗೆ ಒಟ್ಟಿಗೆ.

ಲೆಕ್ಕ ಕೇಳುವವರೂ ಇದ್ದಾರೆ. 40 ದಿನ ಅಂತೀರಿ, ಈಸ್ಟರ್‌ವರೆಗೆ ಎಣಿಸಿದರೆ 46 ಬರುತ್ತಲ್ಲ? ಪ್ರತಿ ಭಾನುವಾರವೂ ಪುನರುತ್ಥಾನದ ಹಬ್ಬ, ಆ ಆರು ದಿನ ಉಪವಾಸದ ಲೆಕ್ಕಕ್ಕಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಸೋಮವಾರವೇ ಶುರು ಮಾಡುತ್ತವೆ, ಅವರ ಎಣಿಕೆಯೇ ಬೇರೆ.

ಊಟದ ನಿಯಮ ಜನ ಅಂದುಕೊಂಡಷ್ಟು ಕಠಿಣವಲ್ಲ. ಕಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18ರಿಂದ 59 ವಯಸ್ಸಿನವರಿಗೆ. ಒಂದು ಹೊಟ್ಟೆ ತುಂಬ ಊಟ, ಇನ್ನೆರಡು ಸಲ ಸ್ವಲ್ಪ ಸ್ವಲ್ಪ. ಆ ಎರಡು ದಿನ ಮತ್ತು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ, ಅದು 14 ತುಂಬಿದವರಿಗೆಲ್ಲ. ಇಷ್ಟೇ. ಉಳಿದದ್ದು ಅವರವರ ಮನಸ್ಸಿಗೆ ಬಿಟ್ಟದ್ದು.

ಆ ‘ಉಳಿದದ್ದರಲ್ಲೇ’ ಎಡವಟ್ಟು ಆಗೋದು. ಬೂದಿ ಬುಧವಾರ ಓದುವ ಭಾಗ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ್ದು. ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ, ಮಾಡುತ್ತಿದ್ದೀರಿ ಅಂತ ಯಾರಿಗೂ ಕಾಣಿಸಬಾರದು ಅನ್ನುತ್ತಾರೆ ಯೇಸು. ಅದನ್ನು ಕೇಳಿದ ಸ್ವಲ್ಪ ಹೊತ್ತಿಗೇ ನಾವು ಸಾಲಿನಲ್ಲಿ ನಿಂತು, ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ಹಿಡಿದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು, ಎಲ್ಲರಿಗೂ ಕಾಣುವಂತೆ ಆಚೆ ಬರುತ್ತೇವೆ! ವಿಚಿತ್ರ ಅಲ್ವಾ? ನನಗನ್ನಿಸುವುದು ಇಷ್ಟು: ಬೂದಿ ನನ್ನ ಸಾಧನೆಯ ಗುರುತಲ್ಲ. ಮಗುವಿಗೂ, ಮುದುಕರಿಗೂ, ಊರಿಗೆಲ್ಲ ದೊಡ್ಡ ಮನುಷ್ಯನಿಗೂ ಅದೇ ಬೂದಿ. ನೀನು ಮಣ್ಣು, ಮಣ್ಣಿಗೇ ಸೇರುತ್ತೀಯ ಅನ್ನುವ ಅದೇ ಮಾತು. ಅದನ್ನು ಎಲ್ಲರೆದುರು ಒಪ್ಪಿಕೊಳ್ಳಬಹುದು. ಬಾಯಿ ಕಟ್ಟಿದ್ದನ್ನು ಮಾತ್ರ ಹೇಳಿಕೊಂಡು ತಿರುಗಬಾರದು. ಹಾಗಾಗಿಯೇ ‘ನೀವೇನು ಬಿಟ್ರಿ’ ಅಂದರೆ ನಾನು ಅಲ್ಲೆಲೂಯದ ಹಿಂದೆ ಬಚ್ಚಿಟ್ಟುಕೊಳ್ಳುವುದು.

ಬೂದಿ ಬುಧವಾರದ ಮರುದಿನ ಕಳೆದು ಬರುವ ಶುಕ್ರವಾರದ ವಾಚನ ಇನ್ನೂ ಖಾರ. ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ. ಉಪವಾಸವನ್ನೂ ಮಾಡುತ್ತೀರಿ, ಜಗಳವನ್ನೂ ಆಡುತ್ತೀರಿ, ಆಳುಗಳನ್ನೂ ದುಡಿಸಿಕೊಳ್ಳುತ್ತೀರಿ ಎಂದು ಪ್ರವಾದಿ ಬೈಯುತ್ತಾನೆ. ದೇವರಿಗೆ ಬೇಕಾದ ಉಪವಾಸ ಹಸಿದವನೊಂದಿಗೆ ಊಟ ಹಂಚಿಕೊಳ್ಳುವುದು, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಡುವುದು. ಸಿಹಿ ಬಿಟ್ಟು ಉಳಿದ ದುಡ್ಡು ನನ್ನ ಜೇಬಿನಲ್ಲೇ ಉಳಿದರೆ ಅದು ಉಳಿತಾಯ, ತೂಕ ಇಳಿದರೆ ಡಯೆಟ್. ಎರಡೂ ಒಳ್ಳೆಯದೇ, ಆದರೆ ಅದಕ್ಕೆ ತಪಸ್ಸುಕಾಲವೇ ಬೇಕಿಲ್ಲ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. ‘ಸರಿ, ನಾನೇನು ಬಿಡಲಿ, ಅದನ್ನು ಹೇಳಿ’ ಅನ್ನುತ್ತಾರೆ. ನನ್ನನ್ನು ಕೇಳಬೇಡಿ, ಮನೆಯವರನ್ನು ಕೇಳಿ: ನನ್ನಲ್ಲಿ ಯಾವುದು ನಿಂತರೆ ನಿಮಗೆ ಸ್ವಲ್ಪ ಆರಾಮ? ಉತ್ತರಕ್ಕೆ ಜಾಸ್ತಿ ಹೊತ್ತು ಕಾಯಬೇಕಾಗುವುದಿಲ್ಲ.