ಅವ್ವನ ಸೆರಗು, ಹಿಂದಿನ ಚಕ್ರ

ಪುಣೆಗೆ ಬಂದ ಹೊಸದರಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಬೈಕು ನನ್ನದು. ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಎಡಕ್ಕೆ ಇರಬೇಕಾದ ಸೀರೆ ಗಾರ್ಡನ್ನು ಮೊದಲಿನ ಮಾಲೀಕ ಬಿಚ್ಚಿಸಿಬಿಟ್ಟಿದ್ದ. ಬೋಲ್ಟಿನ ತೂತು ಎರಡು ಮಾತ್ರ ಉಳಿದಿದ್ದವು. ನಾಲ್ಕು ವರ್ಷ ಗಾಡಿ ಒರೆಸುವಾಗೆಲ್ಲ ಅವುಗಳ ಮೇಲೆ ಬಟ್ಟೆ ಆಡಿಸಿದ್ದೇನೆ. ಅಲ್ಲಿ ಏನೋ ಇರಬೇಕಿತ್ತಲ್ಲ ಅಂತ ಒಮ್ಮೆಯೂ ಅನ್ನಿಸಲಿಲ್ಲ. ಒಬ್ಬನೇ ಓಡಾಡುವವನಿಗೆ ಹಿಂದಿನ ಸೀಟು ಕಣ್ಣಿಗೇ ಬೀಳುವುದಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅವ್ವ ಬಾಗಲಕೋಟೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಸ್ವಾರ್‌ಗೇಟಿನಲ್ಲಿ ಇಳಿದಳು. ರಿಕ್ಷಾ ಮಾಡೋಣ ಅಂದರೆ, "ನಿನ್ನ ಗಾಡಿ ಐತಲ್ಲೋ, ಸುಮ್ಮ ರೊಕ್ಕ ಯಾಕ" ಅಂದಳು. ಸಾರಸಬಾಗ್ ದಾಟಿ, ದಾಂಡೇಕರ್ ಪೂಲಿನ ಮೇಲೆ ಸಿಂಹಗಡ ರಸ್ತೆ ಹಿಡಿದೆವು. ಇಳಕಲ್ ಸೀರೆ ಉಟ್ಟು, ಎಡಕ್ಕೆ ಕಾಲು ಬಿಟ್ಟುಕೊಂಡು ಒಂದೇ ಮಗ್ಗುಲಾಗಿ ಕೂತಿದ್ದಳು. ತೊಡೆಯ ಮೇಲೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಚೀಲ. ತಂಪು ಗಾಳಿಗೆ ಸೆರಗನ್ನು ಮುಂದಕ್ಕೆ ತಂದು ಹೊದ್ದು, ತುದಿಯನ್ನು ಚೀಲದ ಕೆಳಗೆ ಸಿಕ್ಕಿಸಿದ್ದಳು.

ವಿಠ್ಠಲವಾಡಿ ಹತ್ತಿರ ಒಂದು ಸ್ಪೀಡ್ ಬ್ರೇಕರ್. ಚೀಲ ಎಗರಿತು, ಸೆರಗು ಜಾರಿ ಹಿಂದಿನ ಚಕ್ರಕ್ಕೆ ಸಿಕ್ಕಿತು. ನಾನು 25ರಲ್ಲಿದ್ದೆ. ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಏಳು ಮೀಟರ್. ಬೈಕಿನ ಚಕ್ರದ ಸುತ್ತಳತೆ ಎರಡು ಮೀಟರಿಗಿಂತ ತುಸು ಕಡಿಮೆ, ಹಾಗಾಗಿ ಒಂದು ಸೆಕೆಂಡಿನಲ್ಲಿ ಅದು ಮೂರು ಸುತ್ತು ದಾಟುತ್ತದೆ. ಸೆರಗು ಎಷ್ಟು ಉದ್ದ ಇದ್ದೀತು? "ಏ ತಮ್ಮಾ" ಅನ್ನುವ ಕೂಗು ಕಿವಿಗೆ ಬಿದ್ದು ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ಅವ್ವ ಕೆಳಗಿದ್ದಳು. ತಲೆ ಫುಟ್‌ಪಾತಿನ ಕಲ್ಲಿನಿಂದ ಒಂದು ಗೇಣು ದೂರ. ನನ್ನ ತಲೆಗೆ ಹೆಲ್ಮೆಟ್ ಇತ್ತು, ಅವಳ ತಲೆಗೆ ಏನೂ ಇರಲಿಲ್ಲ.

ಕೈಕಾಲು ನಡುಗಿ ನಾನು ಗಾಡಿಯನ್ನು ಮುಂದಕ್ಕೆ ತಳ್ಳಲು ಹೋದೆ. ತರಕಾರಿ ಮಾರುವ ಮಾವಶಿಯೊಬ್ಬಳು ಓಡಿ ಬಂದು, "ಪುಢೆ ಘೇವೂ ನಕೋ", ಮುಂದಕ್ಕೆ ತಗೋಬೇಡ, ಎಂದು ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. ಆಕೆ ಹೇಳಿದ್ದೇ ಸರಿ. ಮುಂದಕ್ಕೆ ಹೋದಷ್ಟೂ ಬಟ್ಟೆ ಬಿಗಿಯುತ್ತದೆ. ಎಂಜಿನ್ ಆರಿಸಿ, ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಕೆಂಪು ಸೆರಗು ಗ್ರೀಸು ಮೆತ್ತಿಕೊಂಡು ಸುತ್ತು ಸುತ್ತಾಗಿ ಬಿಚ್ಚಿಕೊಂಡಿತು. ಸೊಂಟದ ಹತ್ತಿರ ಬಿಗಿದದ್ದನ್ನು ಮಾವಶಿಯೇ ಸೊಪ್ಪು ಕೊಯ್ಯುವ ಚಾಕುವಿನಿಂದ ಕತ್ತರಿಸಿದಳು. ಅವ್ವನ ಎಡಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ 123ನೆಯದು ಇದಕ್ಕೆಂದೇ ಇದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಬೇಕು. ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆಯೂ ಇರಬೇಕು. ಕಂಪನಿಯವರು ಕೂರಿಸಿಯೇ ಕೊಡುತ್ತಾರೆ, ಗಾಡಿ ಸ್ಪೋರ್ಟಿಯಾಗಿ ಕಾಣಲಿ ಅಂತ ನಾವು ಬಿಚ್ಚಿಸುತ್ತೇವೆ. ಧಾಯರಿಯ ಗ್ಯಾರೇಜಿನಲ್ಲಿ ಅದನ್ನು ಮತ್ತೆ ಹಾಕಿಸಲು ನನಗೆ ಬಿದ್ದದ್ದು 350 ರೂಪಾಯಿ. ನನ್ನ ಅವ್ವನ ಕೈಯ ಬೆಲೆ ಅಷ್ಟಾಗಿತ್ತು ಅನ್ನುವುದು ಇನ್ನೂ ಎದೆಯಲ್ಲಿ ಚುಚ್ಚುತ್ತದೆ. ದಯವಿಟ್ಟು ಈಗಲೇ ಕೆಳಗಿಳಿದು ನಿಮ್ಮ ಗಾಡಿಯ ಎಡಗಡೆ ಒಮ್ಮೆ ನೋಡಿ ಬನ್ನಿ.

ಸೀರೆಯಷ್ಟೇ ಅಲ್ಲ, ದುಪಟ್ಟಾ, ರೇನ್‌ಕೋಟಿನ ದಾರ, ಬ್ಯಾಗಿನ ಉದ್ದ ಪಟ್ಟಿ ಎಲ್ಲವೂ ಸಿಕ್ಕುತ್ತವೆ. ಕಾಲು ಎರಡೂ ಕಡೆ ಹಾಕಿ ಕೂತವರ ದುಪಟ್ಟಾ ಬೆನ್ನ ಹಿಂದೆ ಹಾರುತ್ತಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಸಿಗ್ನಲ್ಲಿನಲ್ಲಿ ಅಂಥವರು ಕಂಡರೆ ನಾನೀಗ ಹಾರ್ನ್ ಹೊಡೆದು ಕೈ ಮಾಡಿ ತೋರಿಸುತ್ತೇನೆ. ಕೆಲವರು ಸಿಟ್ಟಾಗುತ್ತಾರೆ, ಆಗಲಿ.

ಹೆಲ್ಮೆಟ್ಟಿನದು ಇನ್ನೊಂದು ಕಥೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿ ಓಡಿಸುವವನಿಗೂ ಹಿಂದೆ ಕೂತವರಿಗೂ ಬೇರೆ ಬೇರೆ ಮಾತಿಲ್ಲ, ಇಬ್ಬರಿಗೂ ಬೇಕು. ಅವ್ವನಿಗೆ ಕೊಳ್ಳಲು ಹೋದಾಗ ಅಂಗಡಿಯವನು ಲೇಡೀಸ್ ಹೆಲ್ಮೆಟ್ ಅಂತ ಗುಲಾಬಿ ಬಣ್ಣದ ಅರ್ಧ ಟೋಪಿ ತಂದಿಟ್ಟ. ಬೇಡ ಅಂದೆ. ಹುಬ್ಬಿನ ಮೇಲಿಂದ ಟೇಪು ಸುತ್ತಿ ಅಳೆಸಿ, ಐಎಸ್ 4151 ಅಂತ ಬರೆದ ಐಎಸ್‌ಐ ಗುರುತಿನ ಪೂರ್ತಿ ಹೆಲ್ಮೆಟ್ ತಗೊಂಡೆವು. ಆದರೆ ಅವ್ವನ ತುರುಬು ಅದನ್ನು ಮೇಲಕ್ಕೆ ಎತ್ತುತ್ತಿತ್ತು. ಪಟ್ಟಿ ಬಿಗಿದ ಮೇಲೆ ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿದೆ, ಹೆಲ್ಮೆಟ್ ಕಳಚಿ ಕೈಗೇ ಬಂತು. ಬಿದ್ದಾಗಲೂ ಆಗುವುದು ಅದೇ. ತುರುಬು ಬಿಚ್ಚಿ ಕುತ್ತಿಗೆಯ ಕೆಳಗೆ ಜಡೆ ಹಾಕಿಕೊಂಡ ಮೇಲೆ ಸರಿಯಾಗಿ ಕೂತಿತು. ನಮ್ಮ ಪುಣೆಯ ಹುಡುಗಿಯರು ಮುಖಕ್ಕೆ ದಪ್ಪ ಸ್ಕಾರ್ಫ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಇಡುತ್ತಾರಲ್ಲ, ಅಲ್ಲೂ ಹೀಗೆಯೇ ನೋಡಬೇಕು.

ಉಳಿದವು ಸಣ್ಣವು. ಇಬ್ಬರು ಕೂರುವ ದಿನ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು, ಎಷ್ಟು ಅನ್ನುವುದು ಗಾಡಿಯ ಸ್ಟಿಕ್ಕರಿನ ಮೇಲೇ ಇರುತ್ತದೆ. ಹತ್ತುವ ಇಳಿಯುವ ಹೊತ್ತಿನಲ್ಲಿ ನನ್ನ ಎರಡೂ ಕಾಲು ನೆಲಕ್ಕೆ, ಮುಂದಿನ ಬ್ರೇಕು ಕೈಯಲ್ಲಿ.

ಈ ಸಲ ಕಾರ್ತೀಕದಲ್ಲಿ ಆಳಂದಿಗೆ ಹೋಗಬೇಕು ಅಂತ ಅವ್ವ ಮತ್ತೆ ಬಂದಳು. ಒಂದೇ ಮಗ್ಗುಲಾಗಿ ಕೂರಿಸುವುದಿಲ್ಲ, ಬಸ್ಸಿಗೆ ಹೋಗೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲದಾಗ ಕಳೆ ತಗಿಯೂ ಮುಂದ ಹೆಂಗ ಉಡತಿದ್ದೆ, ಹಂಗ ಉಡತೇನಿ ತಗೋ" ಅಂದಳು. ಒಳಗೆ ಹೋಗಿ ಕಚ್ಚಿ ಹಾಕಿ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಬಿಗಿದು ಬಂದಳು. ಎರಡೂ ಕಡೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ನನ್ನ ಭುಜ ಹಿಡಿದಳು. ದಾರಿಯುದ್ದಕ್ಕೂ ಪ್ರತಿ ಸ್ಪೀಡ್ ಬ್ರೇಕರಿನಲ್ಲಿ ಅವಳ ಹೆಲ್ಮೆಟ್ ನನ್ನದಕ್ಕೆ ಟಕ್ ಅಂತ ತಾಗುತ್ತಿತ್ತು.