ತೋಟಕ್ಕೆ ಪಿಕಪ್: ಗೇರೋ, ಆಟೋಮ್ಯಾಟಿಕ್ಕೋ?

ಕಾಫಿ ಮೂಟೆ ಹೇರೋದೇ ಮುಖ್ಯ ಕೆಲಸ ಅಂದ್ರೆ ಯೋಚನೆಯೇ ಬೇಡ. ಬೊಲೆರೊ ಪಿಕಪ್‌ನಂಥ ಲೋಡ್ ಗಾಡಿಗೆ ಮ್ಯಾನುವಲ್ಲೇ (ಕೈಯಲ್ಲಿ ಹಾಕೋ ಗೇರೇ) ಗತಿ. ಆಯ್ಕೆ ಇರೋದು ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ತರದ ಪಿಕಪ್‌ಗಳಲ್ಲಿ.

ಮೂಡಿಗೆರೆ ಕಡೆಯ ತೋಟದ ಏರಲ್ಲಿ, ಮಳೆಗಾಲದ ಕೆಸರಲ್ಲಿ ನಿಂತ ಮ್ಯಾನುವಲ್ ಗಾಡಿಯನ್ನ ಹಾಫ್ ಕ್ಲಚ್ಚಲ್ಲೇ (ಕ್ಲಚ್ ಅರ್ಧ ತುಳಿದುಕೊಂಡೇ) ಎತ್ತೋಕೆ ಹೋದರೆ ಕ್ಲಚ್ ಪ್ಲೇಟ್ ಜಾರಿ ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ. ವಾಸನೆ ಬಂದ ಮೇಲೂ ರೇಸ್ ಕೊಟ್ಟರೆ ಆ ಪ್ಲೇಟ್ ಒತ್ತಿ ಕೂರೋ ಎಂಜಿನ್ ಚಕ್ರ, ಅಂದ್ರೆ ಫ್ಲೈವೀಲೂ ಹಾಳು. ಏರು ಶುರುವಾಗೋಕೆ ಮುಂಚೆಯೇ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡೋ ಗೇರ್) ಹಾಕಿ. ಆಟೋಮ್ಯಾಟಿಕ್‌ನಲ್ಲಿ ಈ ತಲೆನೋವು ಕಡಿಮೆ: ಟಾರ್ಕ್ ಕನ್ವರ್ಟರ್ ಎಣ್ಣೆಯ ಮೂಲಕ ಎಳೆಯುತ್ತೆ, ಉಜ್ಜಿ ಸವೆಯೋ ಕ್ಲಚ್ ಪ್ಲೇಟ್ ನಡುವೆ ಇಲ್ಲ. ಹೈಲಕ್ಸ್‌ನ 2.8 ಲೀಟರ್ ಡೀಸೆಲ್‌ನಲ್ಲಂತೂ ಮ್ಯಾನುವಲ್‌ಗೆ 420, ಆಟೋಮ್ಯಾಟಿಕ್‌ಗೆ 500 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಗಿಸೋ ಬಲ). ದಿನವಿಡೀ ಕ್ಲಚ್ ತುಳಿಯೋ ಎಡಗಾಲಿನ ನೋವನ್ನ ನಾವ್ಯಾರೂ ಖರ್ಚಿನ ಲೆಕ್ಕಕ್ಕೆ ಹಿಡಿಯಲ್ಲ, ಹಿಡಿಯಬೇಕು.

ಚಾರ್ಮಾಡಿ ಘಾಟಿ ಇಳಿಯುವಾಗ ಮಾತ್ರ ಹುಷಾರು. ಆಟೋಮ್ಯಾಟಿಕ್ಕನ್ನ ಡಿ-ಯಲ್ಲೇ (ಡ್ರೈವ್‌ನಲ್ಲೇ) ಬಿಟ್ಟರೆ ಅದು ಮೇಲಿನ ಗೇರ್ ಹಿಡಿದು ಎಂಜಿನ್ ಬ್ರೇಕಿಂಗ್ (ಎಂಜಿನ್ನೇ ಗಾಡಿಯನ್ನ ತಡೆಯೋದು) ಸಾಲದಾಗಬಹುದು. ಆಗ ಬ್ರೇಕ್ ಕಾದು ಹಿಡಿತ ತಪ್ಪುತ್ತೆ. ಕೈಯಾರೆ 2 ಇಲ್ಲವೇ 3ನೇ ಗೇರಿಗೆ ಇಳಿಸಿ.

ಬ್ಯಾಟರಿ ಕೈಕೊಟ್ಟರೆ ಆಟೋಮ್ಯಾಟಿಕ್ ತಳ್ಳಿ ಸ್ಟಾರ್ಟ್ ಆಗಲ್ಲ, ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ತಗೊಳ್ಳೋ ಜಂಪರ್ ಕೇಬಲ್ ಗಾಡಿಯಲ್ಲೇ ಇರಲಿ. ಗೇರ್‌ಬಾಕ್ಸ್ ಎಣ್ಣೆ ಕಂಪನಿ ಹೇಳಿದ ಗ್ರೇಡ್ ಬಿಟ್ಟು ಬೇರೆ ಹಾಕಿಸಬೇಡಿ.