ಒಪ್ಪಿಕೊಂಡರೆ ಟಿ.ಸಿ. ಕೊಡುತ್ತೀರಾ?

ಈ ವಾರ ನಮ್ಮ ಬಾಲಕಿಯರ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ಸಿಲಬಸ್ಸಿನ ಮಾತೆತ್ತಿಲ್ಲ. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಹತ್ತಿರ ಬಂದಿದೆ. ಈ ಹೊತ್ತಿಗೆ ಸಾಮಾನ್ಯವಾಗಿ ‘ನಿಮ್ಮದು ಎಷ್ಟು ಪಾಠ ಉಳಿದಿದೆ’ ಎಂಬುದರ ಹೊರತು ಬೇರೆ ಸುದ್ದಿಯೇ ಇರುವುದಿಲ್ಲ. ಆದರೆ ಒಂದು ಪ್ರಶ್ನೆ ನಮ್ಮ ನಡುವೆ ಬಂದು ಕುಳಿತಿದೆ, ಏಳುವ ಲಕ್ಷಣ ಕಾಣುತ್ತಿಲ್ಲ.

ಪ್ರಶ್ನೆ ಬಂದದ್ದು ಚರ್ಚಾಸ್ಪರ್ಧೆಯ ತಾಲೀಮಿನಲ್ಲಿ. ‘ಬಾಲಕಿಯರಿಗೆ ಪ್ರತ್ಯೇಕ ಶಾಲೆ ಇನ್ನೂ ಬೇಕೇ?’ ಎಂಬ ವಿಷಯವನ್ನು ಆರಿಸಿದವರು ವಿಜ್ಞಾನದ ಟೀಚರ್. ನಮ್ಮ ಶಾಲೆಯಲ್ಲಿ ಸ್ತ್ರೀವಾದದ ಗುತ್ತಿಗೆ ಅವರದೇ. ವ್ಯಂಗ್ಯವಲ್ಲ ಇದು. ಹೆಣ್ಣುಮಕ್ಕಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದ ಇನ್‌ಸ್ಪೆಕ್ಟರ್ ಒಬ್ಬರನ್ನು ಅವರು ಮಕ್ಕಳೆದುರೇ ಬೋರ್ಡಿನ ಬಳಿ ಕರೆದು ಲೆಕ್ಕ ಬಿಡಿಸಲು ಹೇಳಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೆ ತಾವು ಒಮ್ಮೆ ಗೆದ್ದ ವಾದವನ್ನು ಇನ್ನೊಬ್ಬರು ಮತ್ತೆ ತೆರೆದರೆ ಅವರಿಗೆ ಸಹನೆಯಾಗುವುದಿಲ್ಲ. ಅದೂ ಗೊತ್ತಿದೆ.

ಪರವಾಗಿ ಮಾತನಾಡಬೇಕಿದ್ದವನು ಹತ್ತನೇ ತರಗತಿಯ ವಿದ್ಯಾರ್ಥಿ. ದಾಖಲಾತಿ ಪುಸ್ತಕದಲ್ಲಿ ಹೆಣ್ಣು ಎಂದಿದೆ. ಅವನಿಗೆ ಬೇಕಾದದ್ದು ಏನೆಂದು ಈಗ ತಿಳಿದಿರುವುದರಿಂದ ‘ಅವನು’ ಎಂದೇ ಬರೆಯುತ್ತೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಭಾಷಣ ಚೆನ್ನಾಗಿತ್ತು. “ಇಲ್ಲಿ ಬೆಂಚು ಎತ್ತಿಡಲು ಯಾವ ಹುಡುಗನನ್ನೂ ಕರೆಯುವುದಿಲ್ಲ. ಪ್ರಯೋಗಾಲಯದಲ್ಲಿ ಬರ್ನರ್ ಹಚ್ಚುವವರೂ ನಾವೇ, ರೀಡಿಂಗ್ ಬರೆದುಕೊಳ್ಳುವವರೂ ನಾವೇ. ನಾಟಕದಲ್ಲಿ ಸೀತೆಯೂ ನಾವೇ, ರಾವಣನೂ ನಾವೇ” ಎಂದ. ಬರ್ನರ್ ಮಾತು ಕೇಳಿ ನಾನು ತಲೆಯೆತ್ತಿ ನೋಡಿದೆ. ಹುಡುಗ ಹುಡುಗಿಯರು ಕೂಡಿ ಕಲಿಯುವ ಶಾಲೆಗಳಲ್ಲಿ ನಾನು ಪಾಠ ಮಾಡಿದ್ದೇನೆ; ಅಲ್ಲಿ ಬೆಂಕಿ ಹುಡುಗರ ಕೈಯಲ್ಲಿ, ಪೆನ್ಸಿಲ್ ಹುಡುಗಿಯರ ಕೈಯಲ್ಲಿ ಇರುವುದು ಎಷ್ಟು ಸಹಜವೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಮಗು ಅಂಥ ಶಾಲೆಯನ್ನು ನೋಡದೆಯೇ ಅದನ್ನು ಕಂಡುಹಿಡಿದಿತ್ತು.

ಮಾತು ಮುಗಿಸಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ. ಹೆಬ್ಬೆರಳಿನ ಉಗುರಿನಿಂದ ಮಡಿಕೆಯನ್ನು ಉಜ್ಜುತ್ತಾ, ನನ್ನ ಮುಖ ನೋಡದೆ ಕೇಳಿದ: “ಟೀಚರ್, ನಾನು ಹುಡುಗ ಎಂದು ಒಪ್ಪಿಕೊಂಡರೆ ಟಿ.ಸಿ. ಕೊಡುತ್ತೀರಾ?”

“ಯಾರು ಕೊಡುತ್ತಾರೆ?” ಎಂದೆ.

“ಅದನ್ನೇ ಕೇಳುತ್ತಿದ್ದೇನೆ ಟೀಚರ್.”

ನನ್ನನ್ನು ಬಿಡದೆ ಕಾಡುತ್ತಿರುವುದು ಇಷ್ಟೇ. ತಾನು ಯಾರೆಂದು ಅವನು ನನ್ನನ್ನು ಕೇಳಲಿಲ್ಲ. ಅದು ಅವನಿಗೆ ಗೊತ್ತಿತ್ತು. ತನ್ನನ್ನು ಏನೆಂದು ಕರೆಯಬೇಕು, ಯಾವ ಶೌಚಾಲಯಕ್ಕೆ ಹೋಗಬೇಕು ಎಂದೂ ಕೇಳಲಿಲ್ಲ. ಟೀವಿಯಲ್ಲಿ ಈ ವಿಷಯ ಬಂದಾಗ ಎರಡೂ ಕಡೆಯವರು ಗಂಟಲು ಹರಿದುಕೊಳ್ಳುವ ಯಾವ ಪ್ರಶ್ನೆಯೂ ಅವನದಾಗಿರಲಿಲ್ಲ. ಇಷ್ಟು ಹೊತ್ತು ಯಾವ ಶಾಲೆಯನ್ನು ಹೊಗಳಿದನೋ ಆ ಶಾಲೆಯಲ್ಲಿ ತನಗೆ ಜಾಗ ಉಳಿಯುತ್ತದೆಯೇ ಎಂದಷ್ಟೇ ಅವನು ತಿಳಿದುಕೊಳ್ಳಬೇಕಿತ್ತು. ನಿಜ ಹೇಳಿದರೆ ಸೀಟು ಹೋಗುತ್ತದೆ, ಸುಳ್ಳು ಹೇಳಿದರೆ ಉಳಿಯುತ್ತದೆ ಎಂಬ ಲೆಕ್ಕವನ್ನು ಅವನು ಯಾವಾಗಲೋ ಹಾಕಿ ಮುಗಿಸಿದ್ದ; ಉತ್ತರ ಸರಿಯೇ ಎಂದು ತಾಳೆ ನೋಡಲು ಬಂದಿದ್ದ.

ಎಚ್‌.ಎಂ. ಮೇಡಂಗೆ ವಿಷಯ ತಲುಪಿದಾಗ ಅವರು ಹೇಳಿದ್ದು ಒಂದೇ ವಾಕ್ಯ: “ಮೊದಲು ಪರೀಕ್ಷೆ ಮುಗಿಯಲಿ.” ಕೊಳಾಯಿ ಒಡೆದರೂ, ಗೋಡೆ ಬಿರುಕು ಬಿಟ್ಟರೂ ಅವರು ಆಡುವ ಮಾತು ಇದೇ.

ಗಣಿತದ ಮೇಷ್ಟ್ರು ಇನ್ನೂ ಸರಳವಾದ ಕಾರಣ ಕಂಡುಹಿಡಿದರು. ನಾಟಕದಲ್ಲಿ ಗಂಡು ಪಾತ್ರ ಕೊಟ್ಟು ಕೊಟ್ಟು ಹೀಗಾಯಿತಂತೆ. ಮೈಸೂರಿನ ಆರ್‌. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ಮೀಸೆ ಅಂಟಿಸಿಕೊಂಡು, ಗದೆ ಹಿಡಿದು ದಶಕಗಳ ಕಾಲ ಗರ್ಜಿಸಿದರು. 2012ರಲ್ಲಿ ಪದ್ಮಶ್ರೀ ಬಂತು. ಮೀಸೆ ಅಂಟಿಸಿಕೊಂಡದ್ದರಿಂದ ಅವರು ಗಂಡಸಾದರೇ ಎಂದು ಕೇಳಿದೆ. ಮೇಷ್ಟ್ರು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚತೊಡಗಿದರು.

ವಿಜ್ಞಾನದ ಟೀಚರ್ ವಾದವನ್ನು ಮಾತ್ರ ಹಾಗೆ ತಳ್ಳಿಹಾಕುವಂತಿರಲಿಲ್ಲ. “ಹದಿಮೂರನೇ ವಯಸ್ಸಿನಲ್ಲಿ ನಾನೂ ಹುಡುಗನಾಗಬೇಕು ಎಂದುಕೊಂಡಿದ್ದೆ. ನಮ್ಮ ಕಾಲದಲ್ಲಿ ಯಾವ ಹುಡುಗಿ ಅಂದುಕೊಂಡಿರಲಿಲ್ಲ ಹೇಳಿ? ರಾತ್ರಿ ಎಂಟಕ್ಕೆ ಅಣ್ಣ ಹೊರಗೆ ಹೋಗುತ್ತಿದ್ದ, ನಾನು ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಹೆಣ್ಣಾಗಿರುವುದು ಕಷ್ಟ ಎಂದು ಗೊತ್ತಾದ ಮಗು ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ನಾವು ಆ ಕಷ್ಟ ತೆಗೆಯಬೇಕೇ ಹೊರತು ಮಗುವಿನ ಹೆಸರಿನ ಮುಂದಿನ ಅಕ್ಷರವನ್ನಲ್ಲ” ಎಂದರು. ಕೂದಲು ಕತ್ತರಿಸಿದ, ಚೆಂಡು ಒದೆಯುವ, ವೇಲ್ ಸರಿಯಾಗಿ ಹೊದೆಯದ ಹುಡುಗಿಯನ್ನೆಲ್ಲ ‘ಇವಳು ಹುಡುಗನೇ ಇರಬೇಕು’ ಎಂದುಬಿಟ್ಟರೆ, ಹೆಣ್ಣೆಂದರೆ ಜಡೆ ಮತ್ತು ಸಂಕೋಚ ಎಂದು ಒಪ್ಪಿದಂತಾಗುತ್ತದೆ ಎನ್ನುವುದು ಅವರ ಭಯ. ಬ್ರಿಟನ್ನಿನಲ್ಲಿ ಸ್ತ್ರೀವಾದಿಗಳೇ ಇಬ್ಭಾಗವಾಗಿ ಹೊಡೆದಾಡಲು ಒಂದು ಮುಖ್ಯ ಕಾರಣ ಇದೇ ಭಯ.

ಇದೇ ಮಾತನ್ನು ಅವರು ಅವನನ್ನು ಕರೆದು ಕೂರಿಸಿಕೊಂಡು ಹೇಳಿದರು. ನಾನೂ ಪಕ್ಕದಲ್ಲಿದ್ದೆ. ಪೂರ್ತಿ ಕೇಳಿದ. ಆಮೇಲೆ, “ಟೀಚರ್, ನಿಮಗೆ ಬೇಕಾಗಿದ್ದದ್ದು ಎಂಟು ಗಂಟೆಗೆ ಹೊರಗೆ ಹೋಗುವುದು. ನನಗೆ ಇಲ್ಲಿ ಎಲ್ಲವನ್ನೂ ಮಾಡಲು ಬಿಟ್ಟಿದ್ದೀರಿ. ಆದರೂ ನಾನು ಹುಡುಗನೇ” ಎಂದ. ಉದ್ಧಟತನ ಇರಲಿಲ್ಲ, ಅವರಿಗೆ ಬೇಜಾರಾದೀತು ಎಂಬ ಅಂಜಿಕೆಯೇ ಹೆಚ್ಚಿತ್ತು.

ವಿಜ್ಞಾನದ ಟೀಚರ್ ಆ ಕ್ಷಣಕ್ಕೆ ಏನೂ ಹೇಳಲಿಲ್ಲ. ನನಗೆ ಮಾತ್ರ ಅವನ ಉತ್ತರದ ತೂಕ ನಿಧಾನವಾಗಿ ಇಳಿಯಿತು. ಹೆಣ್ಣಿಗಿರುವ ಕಟ್ಟುಪಾಡಿನಿಂದ ಓಡಿಹೋಗಲು ಹುಡುಗನಾಗಬೇಕು ಎನ್ನುತ್ತಾರೆ ಎಂಬ ವಾದಕ್ಕೆ ಬಾಲಕಿಯರ ಶಾಲೆಯೇ ಒಳ್ಳೆಯ ಪ್ರಯೋಗಾಲಯ. ಇಲ್ಲಿ ನಾಯಕನೂ ಹೆಣ್ಣು, ಗೋಲ್‌ಕೀಪರೂ ಹೆಣ್ಣು, ಪುಂಡರೂ ಹೆಣ್ಣೇ. ಗೇಟಿನ ಹೊರಗೆ ಕಟ್ಟುಪಾಡು ಇದ್ದೇ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಂಧನ ಅತ್ಯಂತ ಸಡಿಲವಾಗಿರುವ ಜಾಗದಲ್ಲಿ ನಿಂತು, ಓಡುವ ಆತುರವೇ ಇಲ್ಲದೆ, ಇಲ್ಲೇ ಇರಲು ಬಿಡಿ ಎನ್ನುತ್ತಿರುವವನನ್ನು ‘ಓಡಿಹೋಗುತ್ತಿದ್ದಾನೆ’ ಎನ್ನುವುದು ಹೇಗೆ?

ಹಾಗೆಂದು ಟೀಚರ್ ಸೋತರು ಎಂದು ಬರೆಯುವಂತೆಯೂ ಇಲ್ಲ. ಮರುದಿನವೇ ಫುಟ್‌ಬಾಲ್ ತಂಡದ ಹುಡುಗಿಯೊಬ್ಬಳು ಸಿಟ್ಟಿನಿಂದ ಬಂದಳು. ಬಾಬ್ ಕಟ್, ಮೊಣಕಾಲಿನ ಮೇಲೆ ಹಳೆಯ ಗಾಯದ ಕಲೆ. “ಟೀಚರ್, ಎಲ್ಲರೂ ‘ನೀನೂ ಹಾಗೆಯಾ’ ಎಂದು ಕೇಳುತ್ತಿದ್ದಾರೆ. ನಾನು ಹುಡುಗಿ. ನನ್ನ ಕೂದಲು ನನ್ನಿಷ್ಟ. ಇದನ್ನು ಅಸೆಂಬ್ಲಿಯಲ್ಲಿ ಹೇಳಿ” ಎಂದಳು. ವಿಜ್ಞಾನದ ಟೀಚರ್ ನನ್ನತ್ತ ‘ನೋಡಿದಿರಾ?’ ಎಂಬಂತೆ ಹುಬ್ಬು ಹಾರಿಸಿದರು. ನೋಡಿದೆ. ಸೋಜಿಗವೆಂದರೆ, ಈ ಇಬ್ಬರು ಮಕ್ಕಳ ದೂರು ಒಂದೇ. ನಾನು ಏನೆಂದು ನನ್ನನ್ನು ಕೇಳದೆ ನೀವೇ ತೀರ್ಮಾನಿಸುತ್ತೀರಿ ಎಂದು ಇಬ್ಬರೂ ಹೇಳುತ್ತಿದ್ದಾರೆ. ಒಬ್ಬನನ್ನು ಹೆಣ್ಣೆಂದೆವು, ಇನ್ನೊಬ್ಬಳನ್ನು ಗಂಡಿರಬಹುದು ಎಂದೆವು. ಎರಡು ಸಲವೂ ನಾವು ನೋಡಿದ್ದು ಕೂದಲು, ಬಟ್ಟೆ, ಪುಸ್ತಕದಲ್ಲಿ ಯಾರೋ ಬರೆದ ಒಂದು ಪದ.

ಬಟ್ಟೆ ಎಂದಾಗ ನೆನಪಾಯಿತು. 2021ರ ಡಿಸೆಂಬರಿನಲ್ಲಿ ಕೇರಳದ ಬಾಲುಶ್ಶೇರಿಯ ಸರ್ಕಾರಿ ಬಾಲಕಿಯರ ಶಾಲೆಯಲ್ಲಿ ಪ್ಯಾಂಟು, ಶರ್ಟಿನ ಸಮವಸ್ತ್ರ ತಂದಾಗ ಶಾಲೆಯ ಹೊರಗೆ ಪ್ರತಿಭಟನೆ ನಡೆದಿತ್ತು. ಸಂಸ್ಕೃತಿ ಹೋಯಿತು ಎನ್ನುವವರಿಗೂ ಹೊಸ ಕಾಲ ಬಂತು ಎನ್ನುವವರಿಗೂ ಆ ಪ್ಯಾಂಟು ಬಾವುಟವಾಯಿತು. ಹಾಕಿಕೊಂಡ ಹುಡುಗಿಯರಿಗೆ ಅದು ಬಸ್ ಹತ್ತಲು ಅನುಕೂಲವಾದ ಬಟ್ಟೆ.

ಸರಿ, ನಿಯಮ ಏನು ಹೇಳುತ್ತದೆ? ವಾರವಿಡೀ ಹುಡುಕಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಹೂಡಿದ್ದ ಮೊಕದ್ದಮೆಯ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ 13ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತಾರತಮ್ಯವಿಲ್ಲದೆ ಕಲಿಸಬೇಕು ಎನ್ನುತ್ತದೆ. ಅದೇ ಕಾಯ್ದೆಯಲ್ಲಿ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ಅರ್ಜಿದಾರ ಅಪ್ರಾಪ್ತನಾಗಿದ್ದರೆ ತಂದೆತಾಯಿ ಅಥವಾ ಪೋಷಕರೇ ಹಾಕಬೇಕು. ಬಾಲಕಿಯರ ಶಾಲೆಗೆ ಹುಡುಗಿಯಾಗಿ ಸೇರಿ, ನಡುವೆ ನಾನು ಹುಡುಗ ಎಂದವನ ಬಗ್ಗೆ ಒಂದು ಸಾಲೂ ನನಗೆ ಕಾಣಲಿಲ್ಲ. 2021ರ ನವೆಂಬರಿನಲ್ಲಿ ಎನ್‌.ಸಿ.ಇ.ಆರ್‌.ಟಿ. ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತ್ತು. ಟ್ರಾನ್ಸ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವುದು ಹೇಗೆ ಎಂದು ಹೇಳುವ ಕೈಪಿಡಿ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತಿದ ಮೇಲೆ ಕೆಲವೇ ದಿನಗಳಲ್ಲಿ ಜಾಲತಾಣದಿಂದ ಮಾಯವಾಯಿತು. ಅದರಲ್ಲಿದ್ದ ಎಲ್ಲವೂ ಸರಿಯಿತ್ತು ಎನ್ನುತ್ತಿಲ್ಲ. ಆದರೆ ತಿದ್ದುವುದಕ್ಕಾದರೂ ಒಂದು ಕಾಗದ ಬೇಕಲ್ಲ.

ಬ್ರಿಟನ್ನಿನಲ್ಲಿ 1872ರಿಂದ ಬಾಲಕಿಯರ ಶಾಲೆಗಳನ್ನು ನಡೆಸುತ್ತಿರುವ ಗರ್ಲ್ಸ್ ಡೇ ಸ್ಕೂಲ್ ಟ್ರಸ್ಟ್ ಪ್ರಕಟಿಸಿದ ನೀತಿ 2022ರಲ್ಲಿ ಬಹಳ ಗದ್ದಲ ಎಬ್ಬಿಸಿತು. ಕಾನೂನಿನ ದಾಖಲೆಯಲ್ಲಿ ಹೆಣ್ಣಾಗಿರುವವರಿಗೆ ಮಾತ್ರ ಪ್ರವೇಶ ಎಂದದ್ದು ಸುದ್ದಿಯಾಯಿತು. ಈಗಾಗಲೇ ಓದುತ್ತಿರುವ ಮಗು ಪರಿವರ್ತನೆಯ ಹಾದಿ ಹಿಡಿದರೆ ಅಲ್ಲೇ ಮುಂದುವರಿಯಲು ನೆರವಾಗುತ್ತೇವೆ ಎಂದದ್ದು ಅಷ್ಟು ಸುದ್ದಿಯಾಗಲಿಲ್ಲ. ಅಮೆರಿಕದ ಸ್ಮಿತ್ ಮಹಿಳಾ ಕಾಲೇಜು 2015ರಲ್ಲಿ ಟ್ರಾನ್ಸ್ ಮಹಿಳೆಯರಿಗೂ, ಎಂದರೆ ಹುಟ್ಟಿದಾಗ ಗಂಡೆಂದು ದಾಖಲಾಗಿ ತಮ್ಮನ್ನು ಹೆಣ್ಣೆಂದು ಗುರುತಿಸಿಕೊಳ್ಳುವವರಿಗೂ, ಬಾಗಿಲು ತೆರೆಯಿತು. ಹುಡುಗ ಎಂದು ಹೇಳಿಕೊಂಡು ಅರ್ಜಿ ಹಾಕುವವರನ್ನು ಸೇರಿಸಿಕೊಳ್ಳುವುದಿಲ್ಲ, ಆದರೆ ಸೇರಿದ ಮೇಲೆ ಹಾಗೆ ಗುರುತಿಸಿಕೊಂಡವರನ್ನು ಹೊರಹಾಕುವುದಿಲ್ಲ ಎಂಬುದು ಅಲ್ಲಿನ ರೀತಿ. ಬಾಗಿಲಲ್ಲಿ ಯಾರನ್ನು ಬಿಡಬೇಕು ಎಂಬುದರಲ್ಲಿ ಎರಡೂ ಕಡೆ ದಾರಿ ಬೇರೆ. ಒಳಗಿರುವವನಿಗೆ ಮಾತ್ರ ಎರಡೂ ಒಂದೇ ಉತ್ತರ ಬರೆದಿಟ್ಟಿವೆ, ಅದೂ ಅವನು ಉಗುರಿನಿಂದ ಕಾಗದ ಉಜ್ಜುತ್ತಾ ಕೇಳುವ ಮೊದಲೇ.

ಬಾಗಿಲಿನ ಪ್ರಶ್ನೆಯೂ ನಾಳೆ ನಮ್ಮಲ್ಲಿಗೆ ಬಂದೇ ಬರುತ್ತದೆ. ಹುಡುಗನೆಂದು ದಾಖಲಾದ ಮಗುವೊಂದು ಹುಡುಗಿಯಾಗಿ ಇಲ್ಲಿ ಓದಲು ಬಯಸಿದರೆ? ನಾನು ಸೇರಿಸಿಕೊಳ್ಳಿ ಎನ್ನುವವಳು. ಮುರಿದ ಚಿಲಕದ ಶೌಚಾಲಯವನ್ನು ಮೊದಲು ರಿಪೇರಿ ಮಾಡಿಸಿ ಎಂದೂ ಹೇಳುವವಳು. ಏಕಾಂತ ಎಲ್ಲ ಮಕ್ಕಳಿಗೂ ಬೇಕು, ಈಗ ಯಾರಿಗೂ ಇಲ್ಲ. ವಿಜ್ಞಾನದ ಟೀಚರ್ ಇದಕ್ಕೆ ಒಪ್ಪುವುದಿಲ್ಲ. ಚಿಲಕದ ಮಟ್ಟಿಗೆ ಮಾತ್ರ ನನ್ನ ಜೊತೆಗಿದ್ದಾರೆ.

ನಮ್ಮ ಶಾಲೆಗೂ ಅಂಥ ಕಾಗದ ಬೇಕೆಂದು ಹಟ ಹಿಡಿದವರು ಅವರೇ, ನಾನಲ್ಲ. ಬರವಣಿಗೆಯಲ್ಲಿ ಇಲ್ಲದ ಕರುಣೆ ಎಚ್‌.ಎಂ. ಬದಲಾದ ದಿನ ಹೋಗುತ್ತದೆ ಎಂದರು. ಮೊದಲ ಕರಡನ್ನು ತಾವೇ ಬರೆದು ತಂದರು: ಲಿಂಗತ್ವದ ಕಾರಣಕ್ಕೆ ಯಾವ ವಿದ್ಯಾರ್ಥಿಗೂ ಟಿ.ಸಿ. ಕೊಡತಕ್ಕದ್ದಲ್ಲ; ಉಡುಪು, ಕೂದಲು, ಆಟ ನೋಡಿ ಯಾರ ಲಿಂಗತ್ವವನ್ನೂ ಊಹಿಸತಕ್ಕದ್ದಲ್ಲ. ಎರಡನೆಯ ವಾಕ್ಯ ಫುಟ್‌ಬಾಲ್ ಹುಡುಗಿಯದು ಎಂದು ಗೊತ್ತಾಗಿ ಖುಷಿಯಾಯಿತು. ಮೂರನೆಯದಕ್ಕೆ ಜಗಳ ಬಿತ್ತು: ‘ಪಾಲಕರಿಗೆ ಕೂಡಲೇ ತಿಳಿಸತಕ್ಕದ್ದು.’

ಮಗು ಅವರದು, ಮುಚ್ಚಿಡಲು ನಾವು ಯಾರು ಎಂದು ಅವರು. ಮನೆಗೆ ಹೇಳುವುದು ಅವನ ಕೆಲಸ, ಅವನ ಹೊತ್ತಿಗೆ ಎಂದು ನಾನು. ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ, ಇಲ್ಲಿ ಅಂಥದ್ದಿಲ್ಲ. ಅವನನ್ನೇ ಕೇಳೋಣ ಎಂದೆ. ಕೇಳಿದೆವು.

“ಪರೀಕ್ಷೆ ಮುಗಿಯಲಿ ಟೀಚರ್. ಮನೆಯಲ್ಲಿ ಗಲಾಟೆಯಾದರೆ ಓದಲು ಆಗುವುದಿಲ್ಲ. ಆಮೇಲೆ ಅಮ್ಮನಿಗೆ ಮೊದಲು ಹೇಳುತ್ತೇನೆ, ಅಪ್ಪನಿಗೆ ಅಮ್ಮ ಹೇಳಲಿ” ಎಂದ.

ಎಚ್‌.ಎಂ. ಮೇಡಂ ಗೆದ್ದವರಂತೆ ಕುರ್ಚಿಗೆ ಒರಗಿದರು. “ನಾನೂ ಅದನ್ನೇ ಹೇಳಿದ್ದೆನಲ್ಲ?”

ಅಲ್ಲ ಮೇಡಂ, ಅದನ್ನೇ ಅಲ್ಲ. ನಿಮ್ಮದು ಮುಂದೂಡುವ ಮಾತು, ಅವನದು ಯಾರಿಗೆ ಮೊದಲು ಯಾರಿಗೆ ಆಮೇಲೆ ಎಂದು ಗುರುತು ಹಾಕಿಟ್ಟುಕೊಂಡ ಯೋಜನೆ ಎಂದೆ. ವಿಜ್ಞಾನದ ಟೀಚರ್ ಕರಡಿನಲ್ಲಿ ‘ಕೂಡಲೇ’ ಎಂಬುದನ್ನು ಹೊಡೆದುಹಾಕಿದರು. ‘ತಿಳಿಸತಕ್ಕದ್ದು’ ಇನ್ನೂ ಹಾಗೆಯೇ ಇದೆ. ಸೋಮವಾರದ ಸಭೆಯಲ್ಲಿ ಅದನ್ನು ತೆಗೆಸಲು ನನಗೆ ಇನ್ನೊಂದು ವೋಟು ಬೇಕು. ಗಣಿತದ ಮೇಷ್ಟ್ರ ಹತ್ತಿರ ಮಾತನಾಡಬೇಕು.